ಫ್ಯಾಕ್ಟ್‌ಚೆಕ್: ಕರುಳಿನ ಕಾಯಿಲೆ ಇರುವ ಮಕ್ಕಳ ಮೂಳೆಗೆ ರಾಗಿ ಮಾಲ್ಟ್ ಒಂದೇ ಸಾಕೇ?

ಹೇಳಿಕೆ

ಮಗುವಿನ ಮೂಳೆ ಸವೆಯಲು ಕ್ಯಾಲ್ಸಿಯಂ ಕೊರತೆಯೊಂದೇ ಕಾರಣ. ದಿನಾ ಹಾಲು, ರಾಗಿ ಮಾಲ್ಟ್ ಕೊಡಿ, ಮೂಳೆ ಹಾಳುಮಾಡುವ ಸ್ಟೀರಾಯ್ಡ್ ನಿಲ್ಲಿಸಿ. ದೀರ್ಘಕಾಲದ ಕರುಳಿನ ಕಾಯಿಲೆ ಇರುವ ಮಕ್ಕಳ ಪೋಷಕರಿಗೆ ಇಂಥ ಸಲಹೆ ಸಿಗುವುದು ಸಾಮಾನ್ಯ. ಇದು ನಿಜವೇ? ನೋಡೋಣ.

ಸಾರಾಂಶ

ಈ ಹೇಳಿಕೆ ಅರ್ಧ ಸತ್ಯ. ಕ್ಯಾಲ್ಸಿಯಂ ಬೇಕು, ಆದರೆ ಅದೊಂದೇ ಸಾಲದು. ಸ್ಟೀರಾಯ್ಡ್ ಅನ್ನು ತಾವಾಗಿಯೇ ನಿಲ್ಲಿಸುವುದಂತೂ ಅಪಾಯಕಾರಿ.

ಕರುಳಿಗೂ ಮೂಳೆಗೂ ಏನು ಸಂಬಂಧ?

ತಿಂದ ಆಹಾರದಲ್ಲಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಸೀಲಿಯಾಕ್ ಕಾಯಿಲೆಯಲ್ಲಿ ಗೋಧಿ, ಬಾರ್ಲಿಯ ಗ್ಲುಟೆನ್‌ನಿಂದಾಗಿ ಕರುಳಿನ ಒಳಪದರ ಹಾನಿಗೊಳ್ಳುತ್ತದೆ. ಆಗ ಎಷ್ಟು ತಿನ್ನಿಸಿದರೂ ಕ್ಯಾಲ್ಸಿಯಂ, ವಿಟಮಿನ್ ಡಿ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಕ್ರೋನ್ಸ್ ಕಾಯಿಲೆಯಲ್ಲಿ ಇನ್ನೊಂದು ತೊಂದರೆಯಿದೆ. ಕರುಳಿನ ಉರಿಯೂತದಿಂದ ಹೊರಬರುವ ರಾಸಾಯನಿಕಗಳು ರಕ್ತದ ಮೂಲಕ ಮೂಳೆಯನ್ನೂ ತಲುಪುತ್ತವೆ. ಅವು ಮೂಳೆ ಸವೆಸುವ ಕೋಶಗಳನ್ನು ಚುರುಕುಗೊಳಿಸಿ, ಕಟ್ಟುವ ಕೋಶಗಳನ್ನು ನಿಧಾನಗೊಳಿಸುತ್ತವೆ. ಇದರ ಜೊತೆಗೆ ಹಸಿವು ಕಡಿಮೆಯಾಗುವುದು, ತೂಕ ಇಳಿಯುವುದು, ಆಟ ನಿಲ್ಲುವುದು, ಪ್ರೌಢಾವಸ್ಥೆ ತಡವಾಗುವುದು ಇವೆಲ್ಲ ಸೇರಿಕೊಳ್ಳುತ್ತವೆ.

ಹದಿಹರೆಯ ಮುಗಿಯುವ ಹೊತ್ತಿಗೆ ನಮ್ಮ ಮೂಳೆಯ ಸುಮಾರು 90% ಕಟ್ಟಿ ಮುಗಿದಿರುತ್ತದೆ. ಹಾಗಾಗಿ ಮಕ್ಕಳಲ್ಲಿ ಕಾಯಿಲೆ ಹತೋಟಿಗೆ ಬರುವುದು ತಡವಾದಷ್ಟೂ ನಷ್ಟ ಹೆಚ್ಚು.

ಹಾಗಾದರೆ ರಾಗಿ ಬೇಡವೇ?

ಖಂಡಿತ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. 10ರಿಂದ 12 ವರ್ಷದ ಮಗುವಿಗೆ ದಿನಕ್ಕೆ 850 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್ ಶಿಫಾರಸು. ರಾಗಿಯಲ್ಲಿ ಗ್ಲುಟೆನ್ ಕೂಡ ಇಲ್ಲ.

ಆದರೆ ಎಚ್ಚರ! ಅಂಗಡಿಯ ಕೆಲವು ಮಾಲ್ಟ್ ಪುಡಿಗಳಲ್ಲಿ ಗೋಧಿ ಅಥವಾ ಬಾರ್ಲಿ ಸೇರಿರುತ್ತದೆ. ಗೋಧಿ ಬೀಸಿದ ಮಿಲ್ಲಿನಲ್ಲೇ ರಾಗಿ ಬೀಸಿಸಿದರೂ ಗೋಧಿ ಹಿಟ್ಟು ಬೆರೆಯುತ್ತದೆ. ಸೀಲಿಯಾಕ್ ಇರುವ ಮಗುವಿಗೆ ಅಷ್ಟೂ ಹಾನಿಕರ. ಈ ಮಕ್ಕಳಿಗೆ ಮುಖ್ಯ ಚಿಕಿತ್ಸೆಯೇ ಗ್ಲುಟೆನ್ ಇಲ್ಲದ ಆಹಾರ. ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಕರುಳು ಮಾಗುತ್ತದೆ, ಹೆಚ್ಚಿನ ಮಕ್ಕಳಲ್ಲಿ ಮೂಳೆಯೂ ಚೇತರಿಸಿಕೊಳ್ಳುತ್ತದೆ.

ಸ್ಟೀರಾಯ್ಡ್ ನಿಲ್ಲಿಸಬಹುದೇ?

ಸ್ಟೀರಾಯ್ಡ್ ಹೆಚ್ಚು ಕಾಲ ಕೊಟ್ಟರೆ ಮೂಳೆ ದುರ್ಬಲವಾಗುತ್ತದೆ ಎಂಬುದು ನಿಜ. ಆದರೆ ಹತೋಟಿಗೆ ಬಾರದ ಉರಿಯೂತವೂ ಮೂಳೆಯನ್ನು ಸವೆಸುತ್ತದೆ. ಕೆಲವು ವಾರ ಸ್ಟೀರಾಯ್ಡ್ ಪಡೆದ ದೇಹ ತನ್ನದೇ ಹಾರ್ಮೋನ್ ತಯಾರಿಕೆಯನ್ನು ತಗ್ಗಿಸಿರುತ್ತದೆ. ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅದಕ್ಕೇ ವೈದ್ಯರು ಡೋಸ್ ಅನ್ನು ಹಂತಹಂತವಾಗಿ ಇಳಿಸುತ್ತಾರೆ. ಕ್ರೋನ್ಸ್ ಇರುವ ಹಲವು ಮಕ್ಕಳಿಗೆ 6ರಿಂದ 8 ವಾರ ವಿಶೇಷ ದ್ರವಾಹಾರವನ್ನಷ್ಟೇ ಕೊಟ್ಟು ಸ್ಟೀರಾಯ್ಡ್ ತಪ್ಪಿಸುವ ದಾರಿಯೂ ಇದೆ. ನಿಮ್ಮ ವೈದ್ಯರನ್ನು ಕೇಳಿ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆಯನ್ನು ನೀವಾಗಿಯೇ ಕೊಡಬೇಡಿ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹಾನಿಯಾಗುತ್ತದೆ.

ಪೋಷಕರು ಏನನ್ನು ಗಮನಿಸಬೇಕು?

- ಎತ್ತರ, ತೂಕ ಏರದೆ ನಿಂತಿರುವುದು
- ಸಣ್ಣ ಪೆಟ್ಟಿಗೂ ಮೂಳೆ ಮುರಿಯುವುದು
- ಬಿಡದೆ ಕಾಡುವ ಬೆನ್ನುನೋವು

ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತಿಳಿಸಿ. ಅಗತ್ಯವಿದ್ದರೆ ಅವರು ವಿಟಮಿನ್ ಡಿ ರಕ್ತಪರೀಕ್ಷೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸುತ್ತಾರೆ. ಎತ್ತರ ಕಡಿಮೆ ಇರುವ ಮಗುವಿನ ಮೂಳೆ ಈ ಸ್ಕ್ಯಾನ್‌ನಲ್ಲಿ ಇರುವುದಕ್ಕಿಂತ ದುರ್ಬಲವಾಗಿ ಕಾಣಬಹುದು. ಆದ್ದರಿಂದ ರಿಪೋರ್ಟ್ ನೋಡಿ ನೀವೇ ಗಾಬರಿಯಾಗಬೇಡಿ.

ಕೊನೆಯದಾಗಿ

ಮೊದಲು ಕರುಳಿನ ಕಾಯಿಲೆ ಹತೋಟಿಗೆ ಬರಬೇಕು. ಆಗ ರಾಗಿ, ಹಾಲು, ಬಿಸಿಲು, ಆಟ ಎಲ್ಲವೂ ಮೂಳೆಗೆ ದಕ್ಕುತ್ತವೆ. "ಸ್ಟೀರಾಯ್ಡ್ ನಿಲ್ಲಿಸಿ" ಎಂಬ ಸಂದೇಶ ನಿಮ್ಮ ಗ್ರೂಪಿಗೂ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.