ಈಜುಕೊಳದ ಕೆಳಗೊಂದು ತಾಮ್ರದ ತಂತಿ

ವಾರಾಂತ್ಯ ಬಂತೆಂದರೆ ಸಾಕು, ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ ಕಡೆಯ ಹೋಂಸ್ಟೇಗಳ ಫೋಟೊಗಳು ಗೆಳೆಯರ ಸ್ಟೇಟಸ್ ತುಂಬಿಕೊಳ್ಳುತ್ತವೆ. ಕಾಫಿ ತೋಟದ ನಡುವೆ ನೀಲಿ ಈಜುಕೊಳ, ಪಕ್ಕದಲ್ಲೇ ಹಬೆಯಾಡುವ ಜಕೂಜಿ, ನೀರೊಳಗೆ ಬಣ್ಣದ ದೀಪ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಹಾಸನ ಜಿಲ್ಲೆಯ ವಿದ್ಯುತ್ ಗುತ್ತಿಗೆದಾರರೊಬ್ಬರ ಬಳಿ ಕೆಲಸಕ್ಕೆ ಸೇರಿರುವ ನನಗೆ ಇಂಥ ಫೋಟೊ ಕಂಡಾಗಲೆಲ್ಲ ಮೊದಲು ಏಳುವ ಪ್ರಶ್ನೆ ಒಂದೇ: ಇದಕ್ಕೆ ಬಾಂಡಿಂಗ್ ಮಾಡಿದ್ದಾರಾ?

‘ಅರ್ಥಿಂಗ್ ಇರುತ್ತಲ್ಲ, ಮತ್ತೇನು ಬಾಂಡಿಂಗ್?’ ಎಂದು ನೀವು ಕೇಳಬಹುದು. ನನ್ನ ಜೊತೆ ಓದಿದವರಲ್ಲೂ ಎಷ್ಟೋ ಜನ ಎರಡೂ ಒಂದೇ ಎಂದುಕೊಂಡಿದ್ದಾರೆ. ಆದರೆ ಎರಡರ ಕೆಲಸವೇ ಬೇರೆ. ಪಂಪ್‌ನೊಳಗೆ ವೈರ್ ಸುಲಿದು ಬಾಡಿಗೆ ತಾಗಿದರೆ, ಸೋರುವ ಕರೆಂಟಿಗೆ ದಾರಿ ಕೊಟ್ಟು ಎಂಸಿಬಿ ಅಥವಾ ಆರ್‌ಸಿಸಿಬಿ ಟ್ರಿಪ್ ಆಗುವಂತೆ ಮಾಡುವುದು ಅರ್ಥಿಂಗ್. ಬಾಂಡಿಂಗ್ ಏನನ್ನೂ ಟ್ರಿಪ್ ಮಾಡಿಸಬೇಕಾಗಿಲ್ಲ. ಕೊಳದ ಸುತ್ತಮುತ್ತ ಕೈಗೆ, ಕಾಲಿಗೆ ಸಿಗುವ ಲೋಹವನ್ನೆಲ್ಲ ಒಂದೇ ತಾಮ್ರದ ತಂತಿಗೆ ಪೋಣಿಸಿ, ಅವುಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ವಿದ್ಯುತ್ ತಂತಿಯ ಮೇಲೆ ಕೂತ ಕಾಗೆಯನ್ನು ನೆನಪಿಸಿಕೊಳ್ಳಿ. ಅದಕ್ಕೆ ಶಾಕ್ ಹೊಡೆಯುವುದಿಲ್ಲ. ಅದರ ಎರಡೂ ಕಾಲು ಒಂದೇ ತಂತಿಯ ಮೇಲಿವೆ, ಎರಡರ ನಡುವೆ ವಿಭವಾಂತರ ಇಲ್ಲ. ವಿಭವಾಂತರ ಇಲ್ಲದಿದ್ದರೆ ಕರೆಂಟ್ ಹರಿಯುವುದಿಲ್ಲ. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಓದಿದ ಓಮ್‌ನ ನಿಯಮ ಇಲ್ಲಿ ಜೀವ ಕಾಯುತ್ತದೆ. ನೀರಿನಲ್ಲಿರುವ ಮನುಷ್ಯನನ್ನೂ ಆ ಕಾಗೆಯಷ್ಟೇ ಸುರಕ್ಷಿತವಾಗಿ ಇಡುವುದೇ ಬಾಂಡಿಂಗ್‌ನ ಉದ್ದೇಶ.

ಕಳೆದ ವರ್ಷ ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇಯಲ್ಲಿ ಕೊಳದ ಕೆಲಸ ನಡೆದಿತ್ತು. ಗುಂಡಿ ತೋಡಿ, ಕಂಬಿ ಕಟ್ಟಿ ಆಗಿತ್ತು. ಮರುದಿನ ಬೆಳಿಗ್ಗೆ ಕಾಂಕ್ರೀಟ್. ತಾಮ್ರದ ತಂತಿ, ಕ್ಲಾಂಪ್‌ಗಳ ಲೆಕ್ಕ ನೋಡಿದ ಮಾಲೀಕರು, ‘ಏನಮ್ಮಾ ಇದು? ಇದರಿಂದ ಒಂದು ಬಲ್ಬಾದರೂ ಉರಿಯುತ್ತಾ? ಮಣ್ಣಲ್ಲಿ ಹೂಳೋಕೆ ಇಷ್ಟು ದುಡ್ಡಾ? ಆರ್‌ಸಿಸಿಬಿ ಹಾಕ್ತಿದ್ದೀರಲ್ಲ, ಸಾಕು ಬಿಡಿ’ ಎಂದರು. ಅವರ ಮಾತಿನಲ್ಲಿ ದುರಾಸೆ ಇರಲಿಲ್ಲ, ಸಹಜವಾದ ಅನುಮಾನವಿತ್ತು. ನಮ್ಮ ಗುತ್ತಿಗೆದಾರರು ಬೇರೆ ಸೈಟ್‌ನಲ್ಲಿದ್ದರು. ಹಿರಿಯ ವೈರ್‌ಮನ್ ಅಣ್ಣ ನನ್ನ ಕಡೆ ನೋಡಿ, ‘ನೀನು ಓದಿದವಳಲ್ವಾ, ತಿಳಿಸಿ ಹೇಳು’ ಎಂದರು.

ನಾನು ಮಲ್ಟಿಮೀಟರ್ ತೆಗೆದೆ. ಮನೆಯ ಅರ್ಥ್‌ಗೆ ಕೂಡಿಸಿದ್ದ ಜಿಐ ಪೈಪಿಗೆ ಒಂದು ತುದಿ, ಒದ್ದೆ ಮಣ್ಣಿಗೆ ಚುಚ್ಚಿದ ಕಂಬಿಗೆ ಇನ್ನೊಂದು ತುದಿ. ಮೀಟರ್ 7 ವೋಲ್ಟ್ ತೋರಿಸಿತು. ‘ಸರ್, ಈಗ ಮೇನ್ ಸ್ವಿಚ್ ಇಳಿಸಿ’ ಎಂದೆ. ಇಳಿಸಿದರು. ಮನೆಯ ಕರೆಂಟ್ ಹೋಯಿತು, 7 ವೋಲ್ಟ್ ಮಾತ್ರ ಹಾಗೇ ಇತ್ತು! ಆಮೇಲೆ ಪೈಪಿಗೂ ಕಂಬಿಗೂ ಒಂದು ತುಂಡು ತಾಮ್ರದ ತಂತಿ ಬಿಗಿದೆ. ಮೀಟರ್ ಸೊನ್ನೆಯ ಹತ್ತಿರಕ್ಕೆ ಇಳಿಯಿತು.

ಆ ವೋಲ್ಟೇಜ್ ಬಂದಿದ್ದು ಹೊರಗಿನ ಲೈನಿನಿಂದ. ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ಹರಿಯುವಾಗ ಅಲ್ಲಿ ಸ್ವಲ್ಪ ವೋಲ್ಟೇಜ್ ನಿಂತಿರುತ್ತದೆ, ಜಾಯಿಂಟ್ ಸಡಿಲವಾದರೆ ಇನ್ನೂ ಹೆಚ್ಚುತ್ತದೆ. ನ್ಯೂಟ್ರಲ್‌ಗೆ ಕೂಡಿಸಿದ ಅರ್ಥ್ ತಂತಿಯ ಮೂಲಕ ಅದು ನಮ್ಮ ಪೈಪು, ಪಂಪಿನ ಬಾಡಿಗೂ ಬರುತ್ತದೆ. ಆರ್‌ಸಿಸಿಬಿ ಗಮನಿಸುವುದು ತನ್ನ ಮೂಲಕ ಹೋಗಿ ಬರುವ ಕರೆಂಟನ್ನು ಮಾತ್ರ. ಹೊರಗಿನಿಂದ ಹೀಗೆ ಬಂದದ್ದು ಅದರ ಲೆಕ್ಕಕ್ಕೆ ಸಿಗುವುದಿಲ್ಲ.

7 ವೋಲ್ಟ್ ಎಂದರೆ ಒಣ ನೆಲದಲ್ಲಿ ಏನೂ ಅಲ್ಲ. ಆದರೆ ನೆನೆದ ಮೈಯ ಪ್ರತಿರೋಧ ಸಾವಿರ ಓಮ್‌ನ ಆಸುಪಾಸಿಗೆ ಇಳಿದುಬಿಡುತ್ತದೆ. 10 ವೋಲ್ಟ್ ಇದ್ದರೆ ಸುಮಾರು 10 ಮಿಲಿಆಂಪಿಯರ್ ಹರಿಯುತ್ತದೆ. ಹಿಡಿದ ಏಣಿಯನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿಯಲು ಅಷ್ಟು ಸಾಕು. ನಾವು ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರಿನದು. ನೆಲದ ಮೇಲಾದರೆ ಕಿರುಚಬಹುದು, ಬೀಳಬಹುದು. ನೀರಿನಲ್ಲಿ ಕೈಕಾಲು ಆಡದಿದ್ದರೆ ಈಜು ಬಲ್ಲವನೂ ಮುಳುಗುತ್ತಾನೆ.

ಮಾಲೀಕರು ಮತ್ತೆ ಮಾತಾಡಲಿಲ್ಲ. ಕಾಂಕ್ರೀಟ್ ಮಧ್ಯಾಹ್ನಕ್ಕೆ ಹೋಯಿತು, ಮೇಸ್ತ್ರಿ ಗೊಣಗಿದರು. ಕಂಬಿಜಾಲವನ್ನು ನಾಲ್ಕು ಕಡೆ ಕ್ಲಾಂಪ್ ಹಾಕಿ ತಂತಿಗೆ ಕೂಡಿಸಿದೆವು. ಏಣಿ, ಹಿಡಿಕಂಬಿ, ದೀಪದ ಲೋಹದ ಗೂಡು, ಪಂಪ್ ಮತ್ತು ಹೀಟರಿನ ಬಾಡಿ, ಪಕ್ಕದ ಕಬ್ಬಿಣದ ಬೇಲಿ ಎಲ್ಲಕ್ಕೂ ಅದೇ ತಂತಿಯಿಂದ ಕವಲು ಬಿಟ್ಟೆವು. ನೀರಿಗೂ ಸಂಪರ್ಕ ಬೇಕು, ಜನ ನಿಲ್ಲುವ ಅಂಚಿನ ನೆಲಕ್ಕೂ ಬೇಕು. ಕೊನೆಗೆ ಪ್ರತಿ ಜಾಯಿಂಟನ್ನೂ ಮೀಟರಿನಲ್ಲಿ ಪರೀಕ್ಷಿಸಿ, ಫೋಟೊ ತೆಗೆದು ಮಾಲೀಕರಿಗೆ ಕಳಿಸಿದೆ. ಕಾಂಕ್ರೀಟ್ ಬಿದ್ದ ಮೇಲೆ ಈ ತಂತಿಗೆ ಸಾಕ್ಷಿ ಆ ಫೋಟೊಗಳು ಮಾತ್ರ.

ಈ ವಿಷಯದಲ್ಲಿ ಬಹಳ ವಿವರವಾದ ನಿಯಮವಿರುವುದು ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 680ನೇ ವಿಧಿಯಲ್ಲಿ. ತಂತಿ ಕನಿಷ್ಠ 8 ಗೇಜಿನ ಗಟ್ಟಿ ತಾಮ್ರದ್ದಾಗಿರಬೇಕು, ಅಂದರೆ ಸುಮಾರು 8.4 ಚದರ ಮಿ.ಮೀ. ಕೊಳದ ಒಳಗೋಡೆಯಿಂದ 3 ಅಡಿವರೆಗಿನ ನೆಲವೂ, 5 ಅಡಿಯೊಳಗೆ ಕೈಗೆಟುಕುವ ಸ್ಥಿರ ಲೋಹವೂ ಬಾಂಡಿಂಗ್‌ಗೆ ಸೇರಬೇಕು. ಅಂತರರಾಷ್ಟ್ರೀಯ ಮಾನದಂಡ ಐಇಸಿ 60364ರ 702ನೇ ಭಾಗ ಕೊಳವನ್ನು ಮೂರು ವಲಯಗಳಾಗಿ ವಿಂಗಡಿಸುತ್ತದೆ. ನೀರೊಳಗಿನ ದೀಪಗಳು 12 ವೋಲ್ಟ್‌ನವಾಗಿರುವುದು ಇದೇ ಕಾರಣಕ್ಕೆ.

ಡಿಪ್ಲೊಮಾ, ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರೇ, ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕೊಳಗಳು ಏಳುತ್ತಲೇ ಇವೆ. ಅವುಗಳ ವೈರಿಂಗ್ ಸರಿಯಾಗಿ ಬಲ್ಲವರು ಕಡಿಮೆ. ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್‌ಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಅರ್ಜಿ ಹಾಕಿ. ಜೊತೆಗೆ ಈ ಒಂದು ವಿಷಯವನ್ನು ಚೆನ್ನಾಗಿ ಕಲಿತರೆ ನಿಮ್ಮನ್ನು ಹುಡುಕಿಕೊಂಡು ಕೆಲಸ ಬರುತ್ತದೆ.

ಇನ್ನು ಪ್ರವಾಸ ಹೊರಟವರಿಗೆ ಒಂದು ಮಾತು. ಏಣಿ ಹಿಡಿದಾಗ, ಅಂಚು ಮುಟ್ಟಿದಾಗ ಜುಮ್ಮೆನಿಸಿದರೆ ಅದನ್ನು ತಮಾಷೆ ಮಾಡಬೇಡಿ. ಲೋಹವನ್ನು ಮುಟ್ಟದೆ ದೂರ ಸರಿದು ಹೊರಬನ್ನಿ, ಉಳಿದವರನ್ನೂ ಎಚ್ಚರಿಸಿ. ಒಳಗೆ ಯಾರಾದರೂ ಒದ್ದಾಡುತ್ತಿದ್ದರೆ ಕೂಡಲೇ ನೀರಿಗೆ ಹಾರಬೇಡಿ, ಮೊದಲು ಮೇನ್ ಸ್ವಿಚ್ ಇಳಿಸಲು ಕೂಗಿ ಹೇಳಿ. ಮೇನ್ ಇಳಿಸಿದರೂ ಅಪಾಯ ಪೂರ್ತಿ ಹೋಯಿತೆಂದು ತಿಳಿಯದೆ, ಒಣ ಬಿದಿರು ಅಥವಾ ಪ್ಲಾಸ್ಟಿಕ್ ಕೋಲು ಚಾಚಿ ಎಳೆದುಕೊಳ್ಳಿ. ರೂಂ ಬುಕ್ ಮಾಡುವಾಗ ಬಾಡಿಗೆ, ಊಟ, ವೈಫೈ ಎಲ್ಲ ಕೇಳುತ್ತೇವಲ್ಲ, ಕೊಳಕ್ಕೆ ಬಾಂಡಿಂಗ್ ಆಗಿದೆಯಾ ಎಂದೂ ಕೇಳಿಬಿಡಿ. ನಾಲ್ಕು ಜನ ಗ್ರಾಹಕರು ಕೇಳಿದರೆ, ಐದನೆಯವರು ಬರುವಷ್ಟರಲ್ಲಿ ಮಾಲೀಕರು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿರುತ್ತಾರೆ.