ಕಣ್ಣು ನೋಡದೆ ಮದ್ದು ಹೇಳುವ ಯಂತ್ರ

ಕಣ್ಣು ಕೆಂಪೇರಿದರೆ ಹಿಂದೆ ಬಸವನಗುಡಿ, ಚಾಮರಾಜಪೇಟೆಗಳ ಜನರು ನೆರೆಮನೆಯವರನ್ನೋ ಔಷಧದಂಗಡಿಯವರನ್ನೋ ಕೇಳುತ್ತಿದ್ದರು. ಈಗ ಕೈಯಲ್ಲಿರುವ ಫೋನಿನಲ್ಲಿಯೇ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಉಂಟು. ಕನ್ನಡದಲ್ಲಿ ಕೇಳಿದರೂ ಕ್ಷಣಾರ್ಧದಲ್ಲಿ ಉತ್ತರ ಬರುತ್ತದೆ. ಅದನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು?

ಮೊದಲು ಯಂತ್ರದ ಪರವಾದ ಸಾಕ್ಷ್ಯವನ್ನು ನೋಡೋಣ. 2023ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದರಲ್ಲಿ, ರೋಗಿಗಳ 200 ಪ್ರಶ್ನೆಗಳಿಗೆ ನೇತ್ರವೈದ್ಯರು ಬರೆದ ಉತ್ತರಗಳನ್ನೂ ಚಾಟ್‌ಬಾಟಿನ ಉತ್ತರಗಳನ್ನೂ ಎಂಟು ಮಂದಿ ನೇತ್ರತಜ್ಞರ ಮುಂದಿಟ್ಟರು. ಯಾವುದು ಯಾರದೆಂದು ತಿಳಿಸಿರಲಿಲ್ಲ. ತಜ್ಞರು ಸರಿಯಾಗಿ ಗುರುತಿಸಿದ್ದು ಶೇಕಡ 61ರಷ್ಟನ್ನು ಮಾತ್ರ. ನಾಣ್ಯವನ್ನು ಚಿಮ್ಮಿ ಹೇಳಿದರೂ ಶೇಕಡ 50 ಸರಿಯಾಗುವುದಷ್ಟೆ. ಅಪಾಯದ ಸಂಭವದಲ್ಲಿಯೂ ಎರಡಕ್ಕೂ ಗಣನೀಯ ವ್ಯತ್ಯಾಸವು ಕಾಣಲಿಲ್ಲ.

ಹಾಗಾದರೆ ವೈದ್ಯರು ಬೇಡವೆ? ಇಲ್ಲೊಂದು ಸೂಕ್ಷ್ಮವುಂಟು. ಈ ಪರೀಕ್ಷೆಯಲ್ಲಿ ವೈದ್ಯರೂ ಕಣ್ಣನ್ನು ನೋಡಿರಲಿಲ್ಲ; ಬರೆದ ಪ್ರಶ್ನೆಯನ್ನು ಓದಿ ಉತ್ತರಿಸಿದ್ದರು.

“ಕಣ್ಣು ಕೆಂಪಾಗಿದೆ, ನೋಯುತ್ತಿದೆ” ಎಂಬ ಮಾತನ್ನೇ ತೆಗೆದುಕೊಳ್ಳೋಣ. ಇದು ಜನರು ‘ಮದ್ರಾಸ್ ಐ’ ಎನ್ನುವ ಅಂಟುಬೇನೆಯಾಗಿರಬಹುದು. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹುಲ್ಲುಕಡ್ಡಿ ತಾಗಿ ಕಾರ್ನಿಯ ಎಂಬ ಪಾರದರ್ಶಕ ಪಟಲದಲ್ಲಿ ಶಿಲೀಂಧ್ರದ ಹುಣ್ಣಾಗಿರಬಹುದು; ಆಗ ಮನೆಯಲ್ಲಿ ಉಳಿದ ಸ್ಟೆರಾಯ್ಡ್ ಹನಿಗಳನ್ನು ಹಾಕಿದರೆ ಹುಣ್ಣು ಉಲ್ಬಣಿಸುತ್ತದೆ. ತೀವ್ರ ಗ್ಲಾಕೋಮವೂ ಆಗಿರಬಹುದು. ಕಣ್ಣಿನೊಳಗಿನ ದ್ರವವು ಹೊರಹರಿಯುವ ದಾರಿ ಮುಚ್ಚಿ, ಪಾದರಸದ ಸುಮಾರು 10ರಿಂದ 21 ಮಿಲಿಮೀಟರುಗಳಷ್ಟಿರಬೇಕಾದ ಒತ್ತಡವು 40ನ್ನೂ ಮೀರಬಹುದು. ತಡಮಾಡಿದರೆ ದೃಷ್ಟಿಯೇ ಹೋದೀತು. ಮಾತು ಒಂದೇ, ರೋಗಗಳು ಮೂರು.

ಚಾಟ್‌ಬಾಟ್ ಅಪಾರವಾದ ಬರಹಗಳಿಂದ ಕಲಿತು, ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕಹಾಕಿ ವಾಕ್ಯವನ್ನು ಕಟ್ಟುತ್ತದೆ. ಕಣ್ಣಿನ ಒತ್ತಡವನ್ನು ಅದು ಅಳೆಯಲಾರದು. ಚಿತ್ರವನ್ನು ಕಳುಹಿಸಿದರೂ ಅದರಲ್ಲಿ ಒತ್ತಡವು ಮೂಡುವುದಿಲ್ಲ. ಒತ್ತಡಕ್ಕೆ ಟೋನೋಮೀಟರ್ ಬೇಕು. ಹುಣ್ಣಿಗೆ ಸ್ಲಿಟ್ ಲ್ಯಾಂಪ್ ಬೇಕು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಆಫ್ತಾಲ್ಮೋಸ್ಕೋಪನ್ನು ಪ್ರಕಟಪಡಿಸುವ ತನಕ, ಕಣ್ಣಿನ ಹಿಂಭಾಗದ ರೋಗಗಳಿಗೆ ವೈದ್ಯರೂ ಬಹುಮಟ್ಟಿಗೆ ರೋಗಿಯ ಮಾತನ್ನೇ ನೆಚ್ಚಬೇಕಾಗಿತ್ತು. ಇಂದಿನ ಯಂತ್ರವು ಅದೇ ಸ್ಥಿತಿಯಲ್ಲಿದೆ.

ಆದುದರಿಂದ ಅದನ್ನು ತಳ್ಳಿಹಾಕಬೇಕಾಗಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಯೆಂದರೇನು, ವೈದ್ಯರನ್ನು ಏನೇನು ಕೇಳಬೇಕು ಎಂಬುದನ್ನು ಅದರಿಂದ ತಿಳಿಯಬಹುದು. ಆದರೆ ನೋವಿನೊಡನೆ ದೃಷ್ಟಿ ಮಂಜಾದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಹಠಾತ್ತನೆ ಮಿಂಚು ಹೊಳೆದರೆ ಅಥವಾ ತೆರೆ ಇಳಿದಂತಾದರೆ ಪ್ರಶ್ನೆಗಳನ್ನು ಬರೆಯುತ್ತ ಕುಳಿತಿರಬಾರದು. ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಗಾಗಲಿ, ಹತ್ತಿರದ ನೇತ್ರವೈದ್ಯರಲ್ಲಿಗಾಗಲಿ ಅಂದೇ ಹೋಗಬೇಕು. ರೋಗವನ್ನು ನಿಶ್ಚಯಿಸಲು ಒಳ್ಳೆಯ ವಾಕ್ಯವು ಸಾಲದು. ಕಣ್ಣನ್ನು ನೋಡಿ ಅಳೆಯಲೇಬೇಕು.