ಮನೆಯಲ್ಲಿ ವಚನ ಶ್ರವಣ: ಲ್ಯಾಪ್‌ಟಾಪಿಗೆ ಸ್ಪೀಕರ್ ಜೋಡಿಸುವ ಬಗೆ

ಶರಣರ ವಚನಗಳು ಹಾಡಾಗುವುದಕ್ಕೆ ಮೊದಲು ಮಾತುಗಳು. ರಾಗವು ಎಷ್ಟೇ ಇಂಪಾಗಿದ್ದರೂ ಪದಗಳು ತಿಳಿಯದೆ ಹೋದರೆ ಕೇಳುಗರಿಗೆ ದಕ್ಕುವುದು ನಾದ ಮಾತ್ರ, ಅರಿವು ದಕ್ಕುವುದಿಲ್ಲ. 1992ರಲ್ಲಿ ನಮ್ಮನ್ನಗಲಿದ ಮಲ್ಲಿಕಾರ್ಜುನ ಮನ್ಸೂರ ಅವರ ವಚನ ಗಾಯನವನ್ನು, ಪೂಜ್ಯರ ಪ್ರವಚನಗಳನ್ನು ಇಂದು ಅನೇಕ ಕುಟುಂಬಗಳು ಲ್ಯಾಪ್‌ಟಾಪಿನ ಮೂಲಕವೇ ಕೇಳುತ್ತವೆ. ಆದರೆ ಮಕ್ಕಳಿಗೆ ಕೇಳಿಸಿದ್ದು ಅದೇ ಕೋಣೆಯಲ್ಲಿ ಕುಳಿತ ಅಜ್ಜ ಅಜ್ಜಿಯರಿಗೆ ಕೇಳಿಸುವುದಿಲ್ಲ. ಅವರು ಕ್ರಮೇಣ ಕೇಳುವುದನ್ನೇ ಬಿಟ್ಟು ಎದ್ದು ಹೋಗುತ್ತಾರೆ. ಇದಕ್ಕೆ ಪರಿಹಾರವು ಕಷ್ಟದ್ದೇನೂ ಅಲ್ಲ.

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಬಲ್ಲದು. ಲ್ಯಾಪ್‌ಟಾಪಿನೊಳಗಿನ ಸ್ಪೀಕರುಗಳು ತೀರ ಚಿಕ್ಕವು. ಅವು ಹೆಚ್ಚು ಗಾಳಿಯನ್ನು ಅಲುಗಿಸಲಾರವಾದ್ದರಿಂದ ತಬಲಾದ ಎಡಗೈ ನಾದ, ತಂಬೂರಿಯ ಷಡ್ಜದ ಗಾಂಭೀರ್ಯ ಅವುಗಳಲ್ಲಿ ಮರೆಯಾಗುತ್ತವೆ. ಈ ಮಂದ್ರ ಧ್ವನಿಗೆಂದೇ ಇರುವ ದೊಡ್ಡ ಪೆಟ್ಟಿಗೆಗೆ ಸಬ್‌ವೂಫರ್ ಎಂದು ಹೆಸರು. ಎರಡು ಚಿಕ್ಕ ಸ್ಪೀಕರುಗಳೂ ಒಂದು ಸಬ್‌ವೂಫರೂ ಕೂಡಿದ ಜೋಡಣೆಯನ್ನು ಅಂಗಡಿಗಳಲ್ಲಿ ‘2.1’ ಎಂದು ಕರೆಯುತ್ತಾರೆ.

ಜೋಡಿಸುವಾಗ ಮೊದಲು ವಿದ್ಯುತ್ ಸಂಪರ್ಕವನ್ನು ತೆಗೆದಿರಬೇಕು. ಚಿಕ್ಕ ಸ್ಪೀಕರುಗಳ ತಂತಿಗಳನ್ನು ಸಬ್‌ವೂಫರಿನ ಹಿಂಬದಿಗೆ ಸೇರಿಸಬೇಕು. ಸಾಮಾನ್ಯವಾಗಿ ಕೆಂಪು ಬಣ್ಣ ಬಲಕ್ಕೆ, ಬಿಳಿಯದು ಎಡಕ್ಕೆ. ಅಲ್ಲಿಂದ ಬರುವ 3.5 ಮಿಲಿಮೀಟರ್ ಪಿನ್ನನ್ನು ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನ್ ಚಿಹ್ನೆಯಿರುವ ರಂಧ್ರಕ್ಕೆ ಪೂರ್ತಿಯಾಗಿ ಒತ್ತಬೇಕು. ಆ ರಂಧ್ರವಿಲ್ಲದ ಲ್ಯಾಪ್‌ಟಾಪುಗಳಿಗೆ ಯುಎಸ್‌ಬಿ ಅಡಾಪ್ಟರ್ ದೊರೆಯುತ್ತದೆ. ಎರಡೂ ಕಡೆ ಧ್ವನಿಯನ್ನು ಕನಿಷ್ಠದಲ್ಲಿಟ್ಟು ಆಮೇಲೆ ವಿದ್ಯುತ್ ಕೊಡುವುದು ಕ್ಷೇಮ. ಆಗಲೂ ಲ್ಯಾಪ್‌ಟಾಪಿನೊಳಗಿನ ಸ್ಪೀಕರೇ ನುಡಿಯುತ್ತಿದ್ದರೆ ಪರದೆಯ ಮೇಲಿನ ಸ್ಪೀಕರ್ ಚಿಹ್ನೆಯನ್ನು ಒತ್ತಿ ಹೊಸ ಸಾಧನವನ್ನು ಆರಿಸಬೇಕು.

‘ಗುಂಯ್’ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ನೋಡಿರಿ. ಸದ್ದು ನಿಂತರೆ ದೋಷವು ವಿದ್ಯುತ್ ಮಾರ್ಗದ್ದು. ಎರಡನ್ನೂ ಒಂದೇ ಸ್ವಿಚ್ ಬೋರ್ಡಿಗೆ ಸೇರಿಸಿದರೆ ಅದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಇದಕ್ಕಾಗಿ ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯುವುದು ಅಪಾಯಕರ, ಎಂದಿಗೂ ಮಾಡಬಾರದು.

ಇನ್ನು ಸ್ಥಾನದ ವಿಚಾರ. ಚಿಕ್ಕ ಸ್ಪೀಕರುಗಳು ಕುಳಿತವರ ಕಿವಿಯ ಎತ್ತರದಲ್ಲಿ, ಅವರತ್ತ ಮುಖ ಮಾಡಿರಲಿ. ಅತಿ ಮಂದ್ರ ಧ್ವನಿ ಯಾವ ದಿಕ್ಕಿನಿಂದ ಬಂತೆಂಬುದನ್ನು ಕಿವಿ ಗುರುತಿಸಲಾರದು. ಆದುದರಿಂದ ಸಬ್‌ವೂಫರನ್ನು ನೆಲದ ಮೇಲೆ ಅನುಕೂಲವಾದ ಕಡೆ ಇಡಬಹುದು. ಆದರೆ ಕೋಣೆಯ ಮೂಲೆಯಲ್ಲಿಟ್ಟರೆ ಗೋಡೆಗಳಿಂದ ಮಂದ್ರವು ಇಮ್ಮಡಿಸಿ ಮಾತನ್ನು ಮುಚ್ಚುತ್ತದೆ.

ಇಲ್ಲಿ ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರ ಧ್ವನಿಗಳನ್ನು. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಬಹುಪಾಲು 2,000 ಹರ್ಟ್ಸ್‌ಗಿಂತ ಮೇಲಿನ ಧ್ವನಿಯಲ್ಲಿದೆ. ಆದುದರಿಂದಲೇ ಹಿರಿಯರು “ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ” ಎನ್ನುತ್ತಾರೆ. ಅವರಿಗಾಗಿ ಸಬ್‌ವೂಫರನ್ನು ಹೆಚ್ಚಿಸುವುದು ತಪ್ಪು ದಾರಿ. ‘ಬಾಸ್’ ಗುಂಡಿಯನ್ನು ತಗ್ಗಿಸಿ, ‘ಟ್ರೆಬಲ್’ ಗುಂಡಿಯನ್ನು ತುಸು ಏರಿಸಿ, ಸ್ಪೀಕರನ್ನು ಅವರ ಸಮೀಪಕ್ಕೆ ಸರಿಸುವುದು ಸರಿಯಾದ ದಾರಿ. ಇಷ್ಟಾದರೂ ಕೇಳದಿದ್ದರೆ ಶ್ರವಣ ತಜ್ಞರಲ್ಲಿಗೆ ಕರೆದೊಯ್ಯಲು ತಡಮಾಡಬಾರದು.

ನೆರೆಹೊರೆಯ ಚಿಂತೆಯೂ ಧರ್ಮದ ಭಾಗವೇ. ಮಂದ್ರ ಧ್ವನಿ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ನಮ್ಮ ಮನೆಯ ವಚನವು ಪಕ್ಕದ ಮನೆಗೆ ಬರಿಯ ‘ಧುಂ ಧುಂ’ ಆಗಿ ತಲುಪುತ್ತದೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ನಸುಕಿನ ಪೂಜೆಯ ವೇಳೆಯಲ್ಲಿ ಸಬ್‌ವೂಫರನ್ನು ಪೂರ್ತಿ ತಗ್ಗಿಸಿದರೂ ವಚನಕ್ಕೆ ಯಾವ ಕೊರತೆಯೂ ಆಗದು. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ತುಂಡುಗಳನ್ನಿಟ್ಟರೆ ನೆಲದ ಕಂಪನವೂ ತಗ್ಗುತ್ತದೆ.

ಜೋಡಣೆ ಸರಿಯಾಯಿತೆ ಎಂಬುದಕ್ಕೆ ಬೆಲೆಬಾಳುವ ಮಾಪಕ ಬೇಕಿಲ್ಲ. ಮನೆಯ ಹಿರಿಯರನ್ನು ಅವರ ನಿತ್ಯದ ಸ್ಥಳದಲ್ಲಿಯೇ ಕೂರಿಸಿ, ಅವರಿಗೆ ಬಾಯಿಪಾಠವಿಲ್ಲದ ವಚನವೊಂದನ್ನು ಕೇಳಿಸಿರಿ. ಬಳಿಕ ಅದರ ಮಾತುಗಳನ್ನು ಅವರ ಬಾಯಿಂದಲೇ ಹೇಳಿಸಿರಿ. ಅವರು ತಡವರಿಸದೆ ಹೇಳಿದರೆ ಜೋಡಣೆ ಸರಿಯಾಗಿದೆ ಎಂದು ತಿಳಿಯಬಹುದು. ತಡವರಿಸಿದರೆ ಗುಂಡಿಗಳನ್ನು ಮತ್ತೊಮ್ಮೆ ತಿರುಗಿಸಿ ನೋಡುವ ತಾಳ್ಮೆ ಮನೆಯ ಕಿರಿಯರಲ್ಲಿರಬೇಕು.